ಏನಿಲ್ಲ

ಹಾಪ್ಸಾಲುವಿನ ಔಷಧದಂಗಡಿಯಲ್ಲಿ
ಸೋಮವಾರ ಬೆಳಗ್ಗೆ ಕೇಳಿಯೇ ಕೇಳುತ್ತಾರೆ:
"ಉರ್ವೆ, ರಜೆಯಲ್ಲಿ ಏನು ಮಾಡಿದೆ?"
ಮಾಯ್ಮು ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಜಾರಿ ಬಂದಳಂತೆ,
ಕಲ್ಯು ವೃಂದಗಾನದಲ್ಲಿ ಗಂಟಲು ಹರಿದುಕೊಂಡನಂತೆ.
ನಾನು ಮಾತ್ರೆ ಎಣಿಸುತ್ತ
"ಏನಿಲ್ಲ" ಎನ್ನುತ್ತೇನೆ.
ಸುಳ್ಳೇನಲ್ಲ.
ಇಲ್ಲದ್ದನ್ನೇ ಮಾಡಿದ್ದು ನಾನು.

ಅಡುಗೆಮನೆಯ ಮೇಜಿನ ಮೇಲೆ
ಗೋಂದು ಹಚ್ಚಿ ಕೂಡಿಸಿದ ಹನ್ನೊಂದು ಹಾಳೆ.
ಅದರ ಮೇಲೊಂದು ಊರು.
ಹತ್ತೊಂಬತ್ತು ಚಳಿಗಾಲ ತಿಂದಿದೆ ಅದು,
ನಾಲ್ಕು ಡಜನ್ ಪೆನ್ಸಿಲು,
ಒಂದು ಮದುವೆಯ ಮಾತುಕತೆಯನ್ನೂ.
ಹೆಸರಿಟ್ಟಿಲ್ಲ.
ಇಟ್ಟರೆ ಯಾರಾದರೂ ಕರೆದಾರು,
ಅದು ಓಗೊಟ್ಟೀತು.

ಮೊದಲು ಗೆರೆ ಬರುವುದಿಲ್ಲ,
ಮೊದಲು ಗೊತ್ತಾಗುತ್ತದೆ.
ಯಾರದೋ ಕೆಮ್ಮಿನ ಶೀಶೆಗೆ ಚೀಟಿ ಅಂಟಿಸುವಾಗ
ಥಟ್ಟನೆ,
ಗಡಿಯಾರದವನ ಓಣಿ ತಿರುಗುವಲ್ಲಿ
ಒಂದು ಬಾವಿ ಇದೆ.
ಹೇಗೆ ಗೊತ್ತು?
ಅಂಗೈ ತಣ್ಣಗಾಗುತ್ತದೆ, ಅಷ್ಟೆ.
ಮನೆಗೆ ಬಂದು ದೀಪ ಹಾಕಿ ನೋಡಿದರೆ, ಹೌದು,
ಆರು ವರ್ಷದ ಕೆಳಗೆ ಬರೆದ ಮೂರು ಓಣಿಯೂ
ಆ ಖಾಲಿ ಬಿಂದುವಿನತ್ತಲೇ ಬಾಗಿವೆ,
ಬಿಂದಿಗೆ ಹಿಡಿದವರ ಹಾಗೆ.

"ಜನರೊಡನೆ ಬೆರೆ" ಎಂದರು. ಬೆರೆತೆ ಕೂಡ.
ಶಾಲು ಹೆಣೆಯುವ ಕೂಟಕ್ಕೆ ಎರಡು ವಾರ ಹೋದೆ.
ಒಳ್ಳೆಯ ಹೆಂಗಸರು; ನಾಲಿಗೆ ಸೂಜಿಗಿಂತ ಚುರುಕು.
ಅವರ ನೂಲಲ್ಲಿ ಎಲೆ, ಹೂವು, ನವಿರು ಕಣ್ಣು.
ನನ್ನ ನೂಲು ಎರಡನೇ ಸಾಲಿಗೇ
ಬೀದಿಯಾಗಿ ಹೊರಟುಬಿಟ್ಟಿತು.
ಬಿಚ್ಚಿ, ಉಂಡೆ ಸುತ್ತಿ,
ಥ್ಯಾಂಕ್ಸ್ ಹೇಳಿ ಬಂದೆ.

ಜನ ಬೇಡವೆಂದಲ್ಲ.
ನನ್ನೂರಲ್ಲಿ ನಾಲ್ಕು ಸಾವಿರದ ಇನ್ನೂರು ಜನ.
ಸಂಜೆ ಒಬ್ಬೊಬ್ಬರೇ ದೀಪ ಹಚ್ಚುತ್ತಾರೆ,
ನಾನು ಹಳದಿ ಪೆನ್ಸಿಲು ಚೂಪು ಮಾಡಿದ ಮೇಲೆ.
ಯಾರೂ ಏನೂ ಕೇಳುವುದಿಲ್ಲ.
ಇಲ್ಲಿ, ಈ ನಿಜದ ಊರಲ್ಲಿ,
ಹಳಿ ಕಿತ್ತ ರೈಲು ನಿಲ್ದಾಣವಿದೆ.
ಅಷ್ಟುದ್ದದ ಮಾಡಿನ ಕೆಳಗೆ
ಗಾಳಿಯೊಂದೇ ಇಳಿಯುತ್ತದೆ, ಸಾಮಾನಿಲ್ಲದೆ.
ಅಲ್ಲಿಯ ರೈಲು ಆರೂ ನಲವತ್ತಕ್ಕೆ.
ಒಮ್ಮೆಯೂ ತಪ್ಪಿಲ್ಲ,
ನಾನು ಜ್ವರ ಬಂದು ಮಲಗಿದ ವಾರ ಬಿಟ್ಟರೆ.

ಫೆಬ್ರವರಿಯಲ್ಲಿ ಮೇಲಿನ ಮನೆಯ ನೀರಿನ ಕೊಳವೆ ಒಡೆಯಿತು.
ಪ್ಲಂಬರನ ಹುಡುಕಿಹೊರಟ ತಾಯಿ
ಒಂಬತ್ತರ ತನೆಲ್‌ನನ್ನು ನನ್ನಲ್ಲಿ ಬಿಟ್ಟಳು.
ನಕ್ಷೆ ಮುಚ್ಚಲು ಮರೆತಿದ್ದೆ.
ಒದ್ದೆ ಕಾಲುಚೀಲದಲ್ಲಿ ನಿಂತು ನೋಡಿದ, ಬಹಳ ಹೊತ್ತು.
"ಇದೇನು" ಎನ್ನಲಿಲ್ಲ. "ಯಾಕೆ" ಎನ್ನಲಿಲ್ಲ.
ಬೆರಳು ಹೊಳೆಯ ಗುಂಟ ನಡೆದು
ಒಂದು ಕಡೆ ನಿಂತಿತು.
"ಈ ಹೊಳೆ ಗುಡ್ಡ ಹತ್ತುತ್ತಿದೆ."

ಕಿವಿ ಬಿಸಿಯಾಯಿತು.
ಹತ್ತೊಂಬತ್ತು ವರ್ಷ! ಯಾರಿದ್ದರು ಹೇಳಲು?
ರಬ್ಬರಿಗೆ ಕೈ ಹಾಕಿದೆ.
"ಇರಲಿ ಬಿಡಿ," ಅಂದ,
"ರಾತ್ರಿ ಹತ್ತುತ್ತೇನೋ, ಯಾರೂ ನೋಡದಾಗ."

ಆಮೇಲೆ ಎರಡು ಗಂಟೆ ಮಾತಿಲ್ಲ.
ಅವನು ಆ ತುದಿಗೆ, ನಾನು ಈ ತುದಿಗೆ,
ನಡುವೆ ಆರುತ್ತಿರುವ ಚಹಾ.
ಮೌನ ಒಬ್ಬರಿಗೇ ಸಾಲುವಷ್ಟು ಎಂದುಕೊಂಡಿದ್ದೆ,
ಹಂಚಿದರೆ ಇಷ್ಟಾಯಿತು.

ತಾಯಿ ಬಂದಳು, ಕೋಟಿನ ತುಂಬ ಹಿಮ.
"ಇಷ್ಟು ಹೊತ್ತು ಏನು ಮಾಡಿದೆಯೋ?"
ಬೂಟಿನ ದಾರ ಕಟ್ಟುತ್ತ, ತಲೆಯೆತ್ತದೆ,
"ಏನಿಲ್ಲ" ಅಂದ.

ಗುಡ್ಡದ ಪಕ್ಕದಲ್ಲೊಂದು ಮಸುಕು ಕಲೆ ಉಳಿದಿದೆ,
ಅವನ ಹೆಬ್ಬೆಟ್ಟಿನಷ್ಟು. ಅಳಿಸಿಲ್ಲ.
ಕೆರೆಯೋ, ಹೊಲವೋ, ಯಾರದೋ ಅಂಗಳವೋ,
ಇನ್ನೂ ಗೊತ್ತಾಗಿಲ್ಲ.