ಕೈಗಳಿಗೆ ದಿನಗೂಲಿ

ಬ್ಯಾಟರಿಗಳನ್ನು ಕಂಕುಳಲ್ಲಿಟ್ಟು ಕಾವು ಕೊಡುವುದು ನನ್ನ ಕೆಲಸ.
ಲೇನಾ ನದಿಯಾಚೆ, ಸೊನ್ನೆಗಿಂತ ನಲವತ್ತೆಂಟು ಕೆಳಗೆ,
ಕ್ಯಾಮೆರಾ ಕೂಡ ಮೊಂಡು ಕುದುರೆ:
ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತದೆ.

ದಾರಿ ತಪ್ಪಿದ ಬೇಟೆಗಾರನ ಕತೆ.
ನಾಯಕ ಪಟ್ಟಣದವನು, ಅಳುವುದರಲ್ಲಿ ಪಳಗಿದವನು,
ಗಾಳಿಯಲ್ಲಿ ಕಡ್ಡಿ ಗೀರಲು ಬಾರದು.
ಅದಕ್ಕೇ ಉಯ್ಬಾನ್ ಮುದುಕನನ್ನು ಕರೆಸಿದರು,
ಹಿಂದೊಮ್ಮೆ ಹನ್ನೊಂದು ದಿನ
ಈ ಕಾಡಿನಲ್ಲೇ ನಿಜಕ್ಕೂ ಕಳೆದುಹೋಗಿದ್ದವನನ್ನು.
ಕೂಲಿ ಕೈಗಳಿಗಷ್ಟೇ. ಮುಖ ಬೇಡ.

ಬರ್ಚ್ ತೊಗಟೆಯನ್ನು ಎಳೆ ಎಳೆಯಾಗಿ ಬಿಡಿಸಿದ,
ಮೊಣಕಾಲ ನಡುವೆ ಗಾಳಿಗೆ ಮರೆ ಕಟ್ಟಿದ.
"ಪೊಟ್ಟಣದಲ್ಲಿ ಎಷ್ಟು ಕಡ್ಡಿ ಇಡಲಿ, ಅಜ್ಜ?"
ಕೇಳಿದಳು ತುಯಾರಾ.
ಸುಮ್ಮನಿದ್ದ. ಆಮೇಲೆ, ಹಿಮಕ್ಕೆ ಹೇಳುವಂತೆ:
"ಒಂದು."

ಒಂದೇ ಟೇಕ್.
ಕಡ್ಡಿಯನ್ನು ಗುಡ್ಡ ಮಾಡುವುದೇ ನಮ್ಮ ಕಸುಬು;
ಅವತ್ತು ಮಾತ್ರ ಕಡ್ಡಿ ತಾನಾಗಿಯೇ ಗುಡ್ಡವಾಗಿತ್ತು.
ಆ ಬೆರಳು ನಡುಗಿದ್ದು ನಟನೆಯಲ್ಲ ಅಂತ
ಪಕ್ಕದಲ್ಲಿ ಕುಕ್ಕರಗಾಲಲ್ಲಿದ್ದ ನನಗೆ ಗೊತ್ತು.

ಹಿಮ ಕರಗುವ ಮೊದಲು, ಊರ ಕ್ಲಬ್ಬಿನ ಗೋಡೆಯ ಮೇಲೆ ಚಿತ್ರ.
ನಾಯಕ ಅತ್ತ. ಜನ ಮೂಗೊರೆಸಿಕೊಂಡರು.
ಮುದುಕಿ ಮಾತ್ರ
ತೆರೆ ತುಂಬ ಹರಡಿದ್ದ ಆ ಸೀಳುಗುರನ್ನು ಗುರುತು ಹಿಡಿದು,
ಕತ್ತಲಲ್ಲಿ ಗಂಡನ ತೋಳು ಜಗ್ಗಿದಳು:
"ಮೂರು ಉಳಿದಿತ್ತು ಅಂದಿದ್ದೆಯಲ್ಲ,
ಇಷ್ಟು ವರ್ಷ, ನನ್ನ ಹತ್ತಿರ?"