ಸಪ್ಪಳದ ಮನಿ

ಕಿನ್ನಾಳದಾಗ ನಮ್ಮ ಓಣಿಗೆಲ್ಲಾ ಬಣ್ಣದ ವಾಸನಿ.
ಹುಣಸಿಬೀಜದ ಸರಿ ಕುದಿಸಿ, ಗೋಣಿನಾರು ಕುಟ್ಟಿ,
ಗೌರಿಗೆ ಮೂಗು, ಗರುಡಗ ರೆಕ್ಕಿ ಬರೆದು ಬದುಕಿದವ ನಾನು.
ಎದುರುಮನಿ ಮಾಬುಬೀಯ
ಎರಡೂ ಕಣ್ಣು ಸಕ್ಕರಿ ಜಡ್ಡು ತಗೊಂಡು ಹೋತು.

ಮೂವತ್ತು ವರ್ಷ ಬಳಿ ಮಾರಿದಾಕಿ.
ಡಜನ್ನಿನಾಗ ಒಂದು ಬಿರುಕು ಬಿಟ್ಟಿದ್ರ
ಗೊಂಚಲು ಅಲ್ಲಾಡಿಸಿ, ಕಣ್ಣಿದ್ದಾಗಲೂ
ಕಿವಿಯಿಂದನ ಹಿಡೀತಿದ್ಲು.

ಮಧ್ಯಾಹ್ನ ಹುಲಿಗೆವ್ವನ ಕಟ್ಟಿ ಮ್ಯಾಲೆ ಚೌಕಾಬಾರ.
"ನಿನಗ ಮೂರು ಬಿದ್ದಾವ ಬೀ, ಕೊಡು ನಾ ನಡಸ್ತೀನಿ"
ಅಂತ ಅವರ ಎಣಿಸಿ, ಅವರ ನಡಸಿ,
ಕಡೀಗೆ ಆಕಿನ್ನ ಗೆಲ್ಲಿಸೋರೂ ಅವರ.
ಒಂದಿನ ನಡುವ ಎದ್ದು ಬಂದು ನನ್ನ ಬಾಗಿಲಾಗ ಕುಂತ್ಲು:
"ಇವರ ಪುಕ್ಕಟಿ ಗೆಲುವು ಸಾಕಾತು.
ನನಗ ಸೋಲಾಕ ಬರೋಹಂಗ ಒಂದು ಹಲಗಿ ಮಾಡಿಕೊಡು."

ಹಗುರ ಕಟ್ಟಿಗಿ ತಂದು ಇಪ್ಪತ್ತೈದು ಕುಣಿ ತೋಡಿದೆ.
ಕಾಯಿಗಳ ಹೊಟ್ಟಿ ಕೊರೆದು ತುಂಬಿದೆ:
ಹುಲಿಗೆವ್ವಗ ಜ್ವಾಳ,
ಆಕಿ ಸೊಸಿಗೆ ಹರಿದ ಗೆಜ್ಜಿಯ ಗುಂಡು,
ಮಾಬುಬೀಗೆ ಬಳಿಚೂರು. ನನ್ನವು ಖಾಲಿ.
ಕಟ್ಟಿಮನಿಗೆ ಎಣ್ಣಿಡಬ್ಬಿಯ ತಗಡು.
ಕವಡಿ ಚೆಲ್ಲಾಕ ಹಿತ್ತಾಳಿ ತಾಟು:
ಬೆನ್ನ ಮ್ಯಾಲೆ ಬಿದ್ದದ್ದು ಕುಣಿದು ಕುಣಿದು ನಿಲ್ತೈತಿ,
ಬೋರಲು ಬಿದ್ದದ್ದು ಟಪ್ ಅಂದು ಸುಮ್ಮನಾಗ್ತೈತಿ.

ಕೈ ಸುಮ್ಮನಿರಬೇಕಲ್ಲ, ಬಣ್ಣ ಹಚ್ಚಿದೆ.
ಕೆಂಪು, ಹಸಿರು, ಅಂಚಿಗುಂಟ ಬಳ್ಳಿ.
ಬಂದು ಬೆರಳಲೆ ತಟ್ಟಿದ್ಲು.
"ಗಂಟಲು ಕಟ್ಟೇತಿ ಇದರದು."
ಹೌದು, ಬಣ್ಣ ಸಪ್ಪಳ ನುಂಗಿತ್ತು.
ಅಪ್ಪನ ಉಳಿ ತಗೊಂಡು, ಹುಟ್ಟಿದಾಗಿಂದ ಮೊದಲ ಸಲ,
ನನ್ನ ಬಣ್ಣ ನಾನ ಕೆರೆದೆ.
ಮೂಲ್ಯಾಗ ಬಳ್ಳಿಯ ಒಂದು ಎಲಿ ಬಿಟ್ಟೆ. ಹೇಳಲಿಲ್ಲ.

ಮೊದಲ ದಿನ ಸೋತ್ಲು. ಮರುದಿನಾನೂ.
ಯಾರರ ಹಿಂಗ ಖುಷಿಲೆ ಸೋಲೋದು ನಾ ನೋಡಿಲ್ಲ.
ಮೂರನೇ ದಿನ, ಆಟ ಸಮ ಇರಲಿ ಅಂತ
ಟವೆಲ್ಲಿಂದ ಕಣ್ಣು ಕಟ್ಟಿಕೊಂಡು ಕುಂತೆ.
ನನ್ನ ಕಾಯಿ ಹಣ್ಣಾಗಾಕ ಒಂದ ಮನಿ ಉಳಿದಿತ್ತು.
ತಾಟಿನಾಗ ಟಪ್, ಟಪ್, ಟಪ್,
ಟಪ್.
"ಬಾರ! ಎಂಟು!"
ಎಂಟು ಮನಿ ಹಾರಿ ಬಂದು ಕಡಿದ್ಲು ನನ್ನನ್ನ.

ಆ ನಾಲ್ಕನೇ ಟಪ್ ಯಾಕೋ ತಡ ಆಗಿತ್ತು.
ಟವೆಲ್ ಒಂದೀಟು ಜಾರಿಸಿ ನೋಡಿದೆ.
ತಾಟಿನಾಗ ಮೂರ ಕವಡಿ.
ಇನ್ನೊಂದು ಆಕಿ ಮುಷ್ಟ್ಯಾಗ.
ತಾಟಿನ ಅಂಚಿನ ಮ್ಯಾಲೆ
ತೋರಬೆರಳಿನ ಉಗುರು.

"ಇದು ಮೋಸ ಬೀ."
"ಹೂಂ," ಅಂದ್ಲು,
"ನಿನ್ನ ಟವೆಲ್ ಜಾರಿದ್ದು ನನಗ ಕೇಳಿಸ್ತು."

ಹುಲಿಗೆವ್ವ ಚಾ ತಂದಿಟ್ಲು.
ಮುಷ್ಟ್ಯಾಗಿನ ಕವಡಿ ತಾಟಿಗೆ ಬಿತ್ತು, ಕುಣೀತು, ನಿಂತಿತು.
ಕಾಯಿ ಎಲ್ಲಾ ತೆಗೆದು
ಮೊದಲಿಂದ ಹೂಡಿದ್ವಿ.