ಎರಡನೇ ಗುಂಡು

ನಾಪೋಕ್ಲು ಪೇಟೆ, ಗೊಬ್ಬರದಂಗಡಿಯ ಮೇಲಿನ ಕೋಣೆ.
ಕಿಟಕಿಯ ಈ ಮೂಲೆಯಲ್ಲಿಟ್ಟರಷ್ಟೇ ಡಾಂಗಲ್‌ಗೆ ಜೀವ.
ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ
ಒಂದು ಉಪಕರಣದ ವಿವರಣೆ:
ಕ್ಲೌಡಿನಲ್ಲೆಲ್ಲೋ ಇರುವ ಸಂದೇಶ ಸೇವೆಯನ್ನು
ಚಾಲೂ ಮಾಡುವ ಉಪಕರಣ.
ಅಷ್ಟೇ ಅದರ ಕೆಲಸ. ಸ್ವಿಚ್ಚು ಅನ್ನಿ.

ಮೋಡದಲ್ಲಿ ಕೆಲಸ ಅಂದರೆ ಇಲ್ಲಿಯವರು
ತಲೆಯೆತ್ತಿ ತಡಿಯಂಡಮೋಳ್ ಕಡೆ ನೋಡುತ್ತಾರೆ.
ನಾನು ತಿದ್ದುವುದಿಲ್ಲ.

ಓದುವವರು ಮನುಷ್ಯರಲ್ಲ.
ಬೇರೆ ಯಾರದೋ ಕೆಲಸ ಹೊತ್ತು ಬರುವ ಏಜೆಂಟು ಅದು.
ಪುಟ ಮಗುಚುವುದಿಲ್ಲ, ಕನ್ನಡಕ ಹುಡುಕುವುದಿಲ್ಲ,
"ಹಂಗಂದ್ರೆ ಏನಕ್ಕಾ?" ಎಂದು ಫೋನ್ ಮಾಡುವುದಿಲ್ಲ.
ಬರೆದದ್ದನ್ನು ಬರೆದಷ್ಟೇ ನಂಬುತ್ತದೆ.
ಹತ್ತು ವರ್ಷ ಮಿಕ್ಸಿಗೆ, ಪಂಪ್‌ಸೆಟ್ಟಿಗೆ ಕೈಪಿಡಿ ಬರೆದೆ;
ಒಬ್ಬರೂ ಓದಲಿಲ್ಲ, ಧೈರ್ಯವಾಗಿದ್ದೆ.
ಈಗ ಒಂದು ಅಲ್ಪವಿರಾಮಕ್ಕೂ ಕೈ ನಡುಗುತ್ತದೆ.

ಯಾವ ಪ್ರಾಜೆಕ್ಟು, ಹೇಳಬೇಕು. ಅನುಮತಿ ಇದೆಯೇ, ನೋಡಬೇಕು.
ದುಡ್ಡು ಬೀಳುತ್ತದೆ, ಯಜಮಾನರನ್ನು ಕೇಳದೆ ಮುಟ್ಟಬಾರದು.
ಮೊದಲೇ ಚಾಲೂ ಇದ್ದರೆ...
ಇಲ್ಲಿ ನಿಂತೆ.
ಉತ್ತರ ಬರುವುದು ತಡವಾದರೆ ಏಜೆಂಟು
ಮತ್ತೆ ಒತ್ತುತ್ತದೆಯಂತೆ. ಮತ್ತೆ. ಮತ್ತೆ.
ಸುಮ್ಮನೆ ಕಾಯುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ.

ಬಿದ್ದಪ್ಪಜ್ಜನಿಗೂ ಕಲಿಸಿರಲಿಲ್ಲ.

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು,
ಸಾವಾದರೆ ಎರಡು.
ಗದ್ದೆಯಾಚೆಗೆ, ಹೊಳೆಯಾಚೆಗೆ, ಮೂರು ಬೆಟ್ಟಕ್ಕೆ
ಇಷ್ಟೇ ಲಿಪಿ.
ದೊಡ್ಡಪ್ಪ ಪೆಮ್ಮಯ್ಯ ಹುಟ್ಟಿದ ಸಂಜೆ
ಅಜ್ಜ ಅಂಗಳಕ್ಕಿಳಿದು ಕೋವಿಯ ಕುದುರೆ ಎಳೆದರಂತೆ.
ತೇವ ಹಿಡಿದ ಮದ್ದು. ನಿಂತಲ್ಲಿಗೆ
ಯಾರೋ ಕೆಮ್ಮಿದ ಹಾಗೆ ಕೇಳಿತು.
"ಹೋಗಿಲ್ಲ" ಅಂದರು ಅಜ್ಜ.
ಎದುರು ಬೆಟ್ಟದಿಂದ ಮರುದನಿ ಬಂದಿರಲಿಲ್ಲ.
ಒಂದು ವೀಳ್ಯ ಅಗಿಯುವಷ್ಟು ಹೊತ್ತು ಕಾದು
ಇನ್ನೊಂದು ಹೊಡೆದರು.
ಹೋಗಿತ್ತು. ಮೊದಲನೆಯದೂ ಹೋಗಿತ್ತು.
ಹೊಳೆಯಾಚೆಯವರು ಎರಡನ್ನೂ ಎಣಿಸಿಕೊಂಡರು.

ಕತ್ತಲಾಗುವುದರೊಳಗೆ ಬಂದರು,
ಬಿಳಿ ಸೀರೆಯ ಹೆಂಗಸರು, ಗುದ್ದಲಿ ಹೊತ್ತ ಇಬ್ಬರು ಗಂಡಸರು,
ದಾರಿಯಲ್ಲೇ ಅತ್ತು ಮುಗಿಸಿದ್ದ ಒಬ್ಬ ಸೋದರತ್ತೆ.
ಯಾರು ಹೋದದ್ದು ಎಂದು ಬಾಯಿಬಿಟ್ಟು ಕೇಳಲಾಗದೆ
ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಲೆಕ್ಕ ಹಾಕಿ
ಒಂದು ಹೆಚ್ಚಾಯಿತಲ್ಲ ಎಂದು ನಿಂತರಂತೆ.
ಹೆಚ್ಚಾದದ್ದು ಆಕಳಿಸಿತು.
ದೊಡ್ಡಪ್ಪನಿಗೀಗ ಎಪ್ಪತ್ತಮೂರು.
ಯಾರ ಮನೆಯ ಮಾದಕ್ಕೆ ಹೋದರೂ ಹೇಳುತ್ತಾನೆ,
"ನಂದು ಆಗ್ಲೇ ಆಗಿದೆ."

ಇದನ್ನೆಲ್ಲ ವಿವರಣೆಯೊಳಗೆ ಹಾಕಿದೆ.
ವಿರಾಜಪೇಟೆಯಿಂದ ಫೌಜಿಯಾ, ತಿದ್ದುವವಳು,
ಪೂರ್ತಿ ಓದಿ, ನಕ್ಕು, ಪೂರ್ತಿ ಹೊಡೆದುಹಾಕಿದಳು.
"ಪದಕ್ಕಿಷ್ಟು ಅಂತ ಖರ್ಚು ಬೀಳುತ್ತೆ ಮಾರಾಯ್ತಿ.
ಅದಕ್ಕೆ ಬೇಕಾದ್ದಷ್ಟೇ ಬರಿ."
ಉಳಿದದ್ದು ಇಷ್ಟು:
ಮೊದಲು ಸ್ಥಿತಿ ಕೇಳು. ಚಾಲೂ ಇದ್ದರೆ ಮತ್ತೆ ಕರೆಯಬೇಡ.
ಚಾಲೂ ಆಯಿತೆಂದರೆ ಸಂದೇಶ ಹೋಯಿತೆಂದಲ್ಲ.

ಆ ಕೊನೆಯ ಸಾಲು ಬೇಕಾ, ಕೇಳಿದಳು.
ಬೇಕು ಅಂದೆ.

ನಾನು ಹುಟ್ಟಿದ ದಿನ ಕೋವಿಗೆ ಎಣ್ಣೆ ಹಾಕಿ ಒರೆಸಿ
ಈ ಸಲ ತೋಟಾ ಕೂಡ ಹೊಸದು ತರಿಸಿದ್ದರು ಅಜ್ಜ.
ಅಂಗಳಕ್ಕೂ ಇಳಿದಿದ್ದರು.
ಒಳಗಿನಿಂದ ಸೂಲಗಿತ್ತಿ "ಹೆಣ್ಣು" ಎಂದದ್ದಕ್ಕೆ
ಕೋವಿಯನ್ನು ಮೊಳೆಗೆ ವಾಪಸು ತೂಗುಹಾಕಿ
ದನ ಕಟ್ಟಲು ಹೋದರು.
ಹೊಳೆಯಾಚೆಯವರಿಗೆ ವಾರ ಕಳೆದು ತಿಳಿಯಿತು,
ನಮ್ಮನೆಯಿಂದ ಜೇನು ಕೇಳಿಕೊಂಡು ಹೋದವರಿಂದ.
ಸೇವೆ ಚಾಲೂ ಇತ್ತು.

ಫೌಜಿಯಾಗೆ ಇದನ್ನು ಹೇಳಲಿಲ್ಲ.
ಸಾಲು ಉಳಿಯಿತು, ಯಾಕೋ.

ನಾಲ್ಕೂ ಮುಕ್ಕಾಲು. ಕೊನೆಯ ಕಡತ ಕಳಿಸಿದ್ದೇನೆ.
ಡಾಂಗಲ್ ಕೆಂಪಗೆ ಮಿಣುಕುತ್ತಿದೆ, ಚಕ್ರ ಸುತ್ತುತ್ತಲೇ ಇದೆ.
ಹೋಯಿತೋ ಇಲ್ಲವೋ.
ಬೆರಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೇನೆ.